ಯೆಲ್ಲೊಸ್ಟೋನಿನ ಚಳಿಗಾಲದ ಗೇಟು

ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ರಜೆ. ಸಾಲ್ಟ್ ಲೇಕ್ ಸಿಟಿಯಿಂದ ಐದಾರು ಗಂಟೆ ಕಾರು ಓಡಿಸಿ, ಹಿಂದಿನ ಸೀಟಿನಲ್ಲಿ ಪುಳಿಯೋಗರೆ ಡಬ್ಬಿ, ಊರಿನಿಂದ ಬಂದ ಅಪ್ಪ ಅಮ್ಮ, ಎಲ್ಲರೂ ಸೇರಿ ಒಂದು ಕುಟುಂಬ ಯೆಲ್ಲೊಸ್ಟೋನ್ ರಾಷ್ಟ್ರೀಯ ಉದ್ಯಾನದ ಪಶ್ಚಿಮದ ಗೇಟಿರುವ ವೆಸ್ಟ್ ಯೆಲ್ಲೊಸ್ಟೋನ್ ಊರು ಮುಟ್ಟುತ್ತದೆ. ರಸ್ತೆಗೆ ಅಡ್ಡಲಾಗಿ ಗೇಟು. ಓಲ್ಡ್ ಫೇತ್‌ಫುಲ್ ಬಿಸಿನೀರ ಬುಗ್ಗೆ ಅಲ್ಲಿಂದ ಬರೀ 48 ಕಿ.ಮೀ. ಸಿಟ್ಟು ಬರುತ್ತದೆ, ಬರಬೇಕಾದ್ದೇ. ಆದರೆ ಆ ಸಿಟ್ಟಿನಲ್ಲಿ ಆಡುವ ಮಾತುಗಳಲ್ಲಿ ಅರ್ಧಕ್ಕರ್ಧ ತಪ್ಪು.

“ಚಳಿಗಾಲದಲ್ಲಿ ಯೆಲ್ಲೊಸ್ಟೋನ್ ಪೂರ್ತಿ ಬಂದ್.”

ಬಂದ್ ಆಗುವುದು ಕಾರಿಗೆ. ಅದೂ ಎಲ್ಲ ಕಡೆ ಅಲ್ಲ. ಉತ್ತರದ ಗಾರ್ಡಿನರ್ ಊರಿನಿಂದ ಮ್ಯಾಮತ್ ದಾಟಿ, ಲಮಾರ್ ಕಣಿವೆಯ ಮೂಲಕ ಕುಕ್ ಸಿಟಿ ಕಡೆಗೆ ಹೋಗುವ ಸುಮಾರು 84 ಕಿ.ಮೀ. ರಸ್ತೆ ವರ್ಷವಿಡೀ ತೆರೆದಿರುತ್ತದೆ. 1995ರಲ್ಲಿ ಕೆನಡಾದಿಂದ 14 ತೋಳಗಳನ್ನು ತಂದು ಇಳಿಸಿದ್ದು ಈ ಕಡೆಗೇ. ಬಿಳಿ ಹಿಮದ ಮೇಲೆ ಕಪ್ಪು ಚುಕ್ಕಿಯ ಹಾಗೆ ತೋಳಗಳು ಕಾಣುವುದಕ್ಕೆ ಜನವರಿಗಿಂತ ಒಳ್ಳೆಯ ಕಾಲವಿಲ್ಲ. ಮಿಕ್ಕ ರಸ್ತೆಗಳು ನವೆಂಬರ್ ಆರಂಭದಲ್ಲಿ ಕಾರಿಗೆ ಮುಚ್ಚಿ, ಡಿಸೆಂಬರ್ ನಡುವಿನಿಂದ ಮಾರ್ಚ್ ನಡುವಿನವರೆಗೆ ಸ್ನೋಮೊಬೈಲ್ ಎಂಬ ಹಿಮದ ಬೈಕಿಗೂ, ಸ್ನೋಕೋಚ್ ಎಂಬ ಹಿಮದ ಬಸ್ಸಿಗೂ ತೆರೆಯುತ್ತವೆ. ಥ್ಯಾಂಕ್ಸ್‌ಗಿವಿಂಗ್ ಬಂದು ಬೀಳುವುದು ಈ ಎರಡರ ನಡುವಿನ ಗುಂಡಿಗೆ: ಕಾರಿಗೆ ತೀರಾ ತಡ, ಸ್ನೋಕೋಚಿಗೆ ತೀರಾ ಮುಂಚೆ. ಅದೇ ಕುಟುಂಬ ಕ್ರಿಸ್ಮಸ್ ರಜೆಯಲ್ಲಿ ಹೋಗಿದ್ದರೆ ಓಲ್ಡ್ ಫೇತ್‌ಫುಲ್ ಪಕ್ಕದ ಸ್ನೋ ಲಾಡ್ಜ್‌ನಲ್ಲಿ ಮಲಗಿ ಏಳಬಹುದಿತ್ತು, ಕೋಣೆ ಸಿಕ್ಕಿದ್ದರೆ.

“ಹಿಮ ಬಾಚುವ ಯಂತ್ರ ಓಡಿಸಲು ಸೋಮಾರಿತನ.”

ಈ ಮಾತು ಹೊಸದಲ್ಲ. ಸುತ್ತಲಿನ ಊರುಗಳ ವ್ಯಾಪಾರಿಗಳು ದಶಕಗಳ ಕಾಲ ಇದನ್ನೇ ಕೇಳಿದರು: ಹೆದ್ದಾರಿಯ ಹಿಮ ತೆಗೆಯುತ್ತೀರಿ, ಪಾರ್ಕಿನದ್ದೇಕೆ ಇಲ್ಲ? 1967ರಲ್ಲಿ ಅಮೆರಿಕದ ಸಂಸತ್ತಿನ ಕಡೆಯಿಂದ ಜಾಕ್ಸನ್ ಊರಿನಲ್ಲಿ ವಿಚಾರಣೆಯೇ ನಡೆಯಿತು. ಕೊನೆಗೆ ಗೆದ್ದ ವಾದ ಎಂದರೆ, ರಸ್ತೆ ಬಾಚುವುದು ಬೇಡ, ಹಿಮದ ಮೇಲೆಯೇ ಓಡುವ ವಾಹನಗಳು ಬರಲಿ ಎಂಬುದು.

ಕಾರಣ ನೆಲದಲ್ಲೇ ಇದೆ. ಪಾರ್ಕಿನ ಬಹುಭಾಗ ಸಮುದ್ರಮಟ್ಟದಿಂದ ಸುಮಾರು 2,400 ಮೀಟರ್ ಎತ್ತರದ ಪ್ರಸ್ಥಭೂಮಿ. ಡನ್ರೇವನ್ ಕಣಿವೆದಾರಿ 2,700 ಮೀಟರ್ ಮುಟ್ಟುತ್ತದೆ. ಪೂರ್ವದ ಸಿಲ್ವನ್ ಕಣಿವೆದಾರಿಯಲ್ಲಿ ಹಿಮಕುಸಿತದ ಭಯ. ಅಲ್ಲಿ ಕುಸಿಯುವ ಮೊದಲೇ ಹಿಮವನ್ನು ಬೀಳಿಸಲು ಫಿರಂಗಿಯನ್ನೇ ಬಳಸಿದ್ದಿದೆ. 1933ರ ಫೆಬ್ರುವರಿ 9ರಂದು ಪಶ್ಚಿಮದ ಗೇಟಿನ ಹತ್ತಿರ ತಾಪಮಾನ ಮೈನಸ್ 54 ಡಿಗ್ರಿ ಸೆಲ್ಸಿಯಸ್‌ಗೆ ಇಳಿದಿತ್ತು. ಅಂಥ ಕಡೆ ಬಾಡಿಗೆ ಕಾರು ಕೆಟ್ಟು ನಿಂತರೆ ಎಂಬ ಯೋಚನೆ ಒಂದು ಕಡೆ. ಇನ್ನೊಂದು ಕಡೆ, ಬಾಚಿದ ಹಿಮ ರಸ್ತೆಯ ಎರಡೂ ಬದಿಗೆ ಗೋಡೆಯಾಗಿ ನಿಲ್ಲುತ್ತದೆ. ಆ ಗೋಡೆಗಳ ನಡುವೆ ಸಿಕ್ಕಿದ ಬೈಸನ್ ಎತ್ತ ಓಡಬೇಕು? ಬಂಡೀಪುರದ ಕಾಟಿಗೆ ದೂರದ ದಾಯಾದಿಯಾದ ಈ ಪ್ರಾಣಿ ಕಾರಿಗೆ ಎದುರಾಗಿ ನಿಂತರೆ ಕಾರೇ ಹಿಂದೆ ಸರಿಯಬೇಕು. ಅಷ್ಟಕ್ಕೂ ಬಾಚುವುದೇ ಇಲ್ಲ ಎಂದಲ್ಲ. ಮಾರ್ಚ್‌ನಲ್ಲಿ ಯಂತ್ರಗಳು ಇಳಿಯುತ್ತವೆ. ಪಶ್ಚಿಮದ ಗೇಟು ಏಪ್ರಿಲ್ ಮೂರನೇ ವಾರಕ್ಕೆ ಕಾರಿಗೆ ತೆರೆದರೆ, ದಕ್ಷಿಣದ್ದು ಮೇ ನಡುವಿಗೆ, ಡನ್ರೇವನ್ ಮೇ ಕೊನೆಗೆ.

“ಸ್ನೋಮೊಬೈಲ್ ಓಡಿಸುವವರ ಸ್ವಾತಂತ್ರ್ಯವನ್ನು ಯಾರೋ ಒಂದು ದಿನ ಕೂತು ಕಿತ್ತುಕೊಂಡರು.”

ಒಂದು ದಿನವೇ? ಮೊದಲ ಸ್ನೋಮೊಬೈಲ್‌ಗಳು ಬಂದದ್ದು 1963ರಲ್ಲಿ. 1971ರಿಂದ ಪಾರ್ಕಿನವರೇ ಹಿಮವನ್ನು ಒತ್ತಿ ಹದಮಾಡಿ ದಾರಿ ಮಾಡಿಕೊಟ್ಟರು. ತೊಂಬತ್ತರ ದಶಕದ ಹೊತ್ತಿಗೆ ಕೆಲವು ದಿನ ಒಳಹೋಗುವ ಸ್ನೋಮೊಬೈಲ್‌ಗಳ ಸಂಖ್ಯೆ ಸಾವಿರ ದಾಟುತ್ತಿತ್ತು. ಟೂ-ಸ್ಟ್ರೋಕ್ ಎಂಜಿನ್‌ಗಳ ನೀಲಿ ಹೊಗೆ ಪಶ್ಚಿಮದ ಗೇಟಿನಲ್ಲಿ ಎಷ್ಟು ಕವಿಯಿತೆಂದರೆ, ಟಿಕೆಟ್ ಕೊಡುವ ರೇಂಜರ್‌ಗಳು ಮುಖಕ್ಕೆ ಮಾಸ್ಕ್ ಹಾಕಿಕೊಂಡು ನಿಂತರು. ರಾಷ್ಟ್ರೀಯ ಉದ್ಯಾನದಲ್ಲಿ, ಅದೂ ಜಗತ್ತಿನ ಮೊದಲನೆಯದು ಎಂದು ಹೆಸರಾದ, 1872ರ ಉದ್ಯಾನದಲ್ಲಿ!

ಕ್ಲಿಂಟನ್ ಸರ್ಕಾರ ಸ್ನೋಮೊಬೈಲ್‌ಗಳನ್ನು ಹಂತಹಂತವಾಗಿ ನಿಲ್ಲಿಸುತ್ತೇವೆ ಎಂದಿತು. ಬುಷ್ ಸರ್ಕಾರ ಅದನ್ನು ತಿರುಗಿಸಿತು. ವಾಷಿಂಗ್ಟನ್‌ನ ಕೋರ್ಟು ಒಂದು ಹೇಳಿತು, ಎರಡು ತಿಂಗಳೊಳಗೆ ವಯೋಮಿಂಗ್‌ನ ಕೋರ್ಟು ಅದಕ್ಕೆ ಉಲ್ಟಾ ಹೇಳಿತು. ಈ ಹಗ್ಗಜಗ್ಗಾಟ ಮುಗಿದದ್ದು 2013ರ ನಿಯಮದಿಂದ. ದಿನಕ್ಕೆ 110 ತಂಡಗಳಿಗೆ ಅವಕಾಶ. ಸ್ನೋಕೋಚ್ ಒಂದೊಂದೂ ಒಂದು ತಂಡ. ಈ 110ರಲ್ಲಿ ಸ್ನೋಮೊಬೈಲ್‌ನವು 50 ಮೀರಬಾರದು, ಒಂದು ತಂಡದಲ್ಲಿ ಹತ್ತಕ್ಕಿಂತ ಹೆಚ್ಚು ಗಾಡಿ ಇರಬಾರದು. ಹೊಗೆ, ಸದ್ದು ಕಡಿಮೆಯಾದ ಎಂಜಿನ್‌ಗಳಿಗೆ ಮಾತ್ರ ಪ್ರವೇಶ. ಯಾರಿಗೂ ಪೂರ್ತಿ ಖುಷಿಯಾಗಿಲ್ಲ. ಹಾಗಾಗಿಯೇ ಇದು ಉಳಿದಿದೆ ಎಂದು ನನ್ನ ಗುಮಾನಿ.

“ಹದಮಾಡಿದ ರಸ್ತೆಯೇ ಬೈಸನ್‌ಗಳನ್ನು ಕೊಂದಿತು.”

ತಪ್ಪು ಕಲ್ಪನೆ ಒಂದೇ ಕಡೆಯ ಸ್ವತ್ತಲ್ಲ. 1996–97ರ ಭೀಕರ ಚಳಿಗಾಲದಲ್ಲಿ ಮೇವು ಹುಡುಕುತ್ತ ಪಾರ್ಕಿನ ಗಡಿಗೆ ಬಂದ ಸಾವಿರಕ್ಕೂ ಹೆಚ್ಚು ಬೈಸನ್‌ಗಳನ್ನು ಕೊಲ್ಲಲಾಯಿತು. ಮೊಂಟಾನಾದ ದನಗಳಿಗೆ ಬ್ರುಸೆಲೋಸಿಸ್ ರೋಗ ತಗಲೀತು ಎಂಬ ಭಯ. ಸ್ನೋಮೊಬೈಲ್ ದಾರಿಯೇ ಅವುಗಳಿಗೆ ಹೊರಗಿನ ದಾರಿ ತೋರಿಸಿತು ಎಂದು ಪ್ರಾಣಿಪರ ಸಂಘಟನೆಯೊಂದು ಕೋರ್ಟಿಗೆ ಹೋಯಿತು. ಬಳಿಕ ಪ್ರಾಣಿಗಳ ಹಿಂದೆ ಬಿದ್ದು ನೋಡಿದ ಸಂಶೋಧಕರಿಗೆ ಕಂಡದ್ದು ಬೇರೆ: ಬೈಸನ್ ಹೆಚ್ಚಾಗಿ ಹೊಳೆಯ ದಡ, ಬಿಸಿನೀರಿನಿಂದ ಹಿಮ ಕರಗಿದ ನೆಲ, ತಾನೇ ತುಳಿದ ಜಾಡು ಹಿಡಿಯುತ್ತದೆ. ರಸ್ತೆಗೂ ಬರುತ್ತದೆ, ನಿಜ, ರಸ್ತೆಗಾಗಿ ಬರುವುದಿಲ್ಲ.

“ಚಳಿಗಾಲದ ಯೆಲ್ಲೊಸ್ಟೋನ್ ದುಡ್ಡಿದ್ದವರಿಗೆ ಮಾತ್ರ.”

ಇದನ್ನು ತಪ್ಪು ಕಲ್ಪನೆ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಬೇಸಿಗೆಯಲ್ಲಿ ಅಮೆರಿಕದ ನಿವಾಸಿಗಳು ಕಾರಿನ ತುಂಬ ಕೂತು ಒಂದೇ ಟಿಕೆಟ್‌ನಲ್ಲಿ ಒಳಹೋಗಬಹುದು. ಚಳಿಗಾಲದಲ್ಲಿ ಸ್ನೋಕೋಚಿಗೆ ತಲೆಗಿಷ್ಟು ಎಂದು ಕೊಡಬೇಕು, ಮಾರ್ಗದರ್ಶಕರೊಂದಿಗೆ ಹೋಗುವ ಸ್ನೋಮೊಬೈಲ್‌ಗೂ ಹಾಗೆಯೇ, ಮತ್ತು ನಾಲ್ಕು ಜನರ ಕುಟುಂಬದ ಲೆಕ್ಕ ಜೇಬು ಹರಿಯುತ್ತದೆ. ಹಿಮದ ಮೇಲಿನ ದೂರು ಬಿಟ್ಟು ಈ ದೂರು ಹಿಡಿದವರ ಜೊತೆ ನಾನಿದ್ದೇನೆ. ಒಂದು ಸಣ್ಣ ಕಿಂಡಿ ಇದೆ: ಬಾಡಿಗೆ ಮಾರ್ಗದರ್ಶಕರಿಲ್ಲದೆ ಹೋಗಬಯಸುವವರಿಗೆ ಪ್ರತಿ ಗೇಟಿನಿಂದ ದಿನಕ್ಕೆ ಒಂದು ತಂಡ, ಹೆಚ್ಚೆಂದರೆ ಐದು ಸ್ನೋಮೊಬೈಲ್. ಆಯ್ಕೆ ಲಾಟರಿಯಲ್ಲಿ, ಅರ್ಜಿ ಸೆಪ್ಟೆಂಬರ್‌ನಲ್ಲಿ. ಡಿಸೆಂಬರ್‌ನಲ್ಲಿ ನೆನಪಾದವರಿಗೆ ಲಾಟರಿ ಮುಗಿದಿರುತ್ತದೆ.

ಕಾಲ್ನಡಿಗೆಗೂ ಸ್ಕೀಗೂ ಈ ಸಂಖ್ಯೆಯ ಕಟ್ಟುಪಾಡಿಲ್ಲ. ಇನ್ನೊಂದು ಅಗ್ಗದ ದಾರಿಯನ್ನು ಸುತ್ತಲಿನ ಊರಿನವರು ಕಂಡುಕೊಂಡಿದ್ದಾರೆ. ಮಾರ್ಚ್ ಕೊನೆಯಲ್ಲಿ ಸ್ನೋಮೊಬೈಲ್‌ಗಳು ಹೋಗಿ, ಹಿಮ ಬಾಚಿ, ಕಾರುಗಳು ಇನ್ನೂ ಬಾರದ ಕೆಲವು ವಾರ ಪಶ್ಚಿಮದ ಗೇಟಿನಿಂದ ಮ್ಯಾಮತ್ ಕಡೆಗಿನ ರಸ್ತೆ ಸೈಕಲ್‌ಗೆ ತೆರೆಯುತ್ತದೆ. ದಪ್ಪ ಸ್ವೆಟರು, ಒಂದು ಥರ್ಮಾಸ್ ಕಾಫಿ, ಎರಡೂ ಬದಿಗೆ ಕರಗುವ ಹಿಮ. ಬೈಸನ್ ಎದುರಾದರೆ ಸೈಕಲ್ ಇಳಿದು, ದೂರದಲ್ಲೇ ನಿಂತು, ಅದು ಹೋಗುವ ತನಕ ಕಾಯಬೇಕು.