ಗೋಡೆ ಮೇಲೆ ಬಂದದ್ದು ಸ್ಲೈಡ್ ಮಾತ್ರ ಅಲ್ಲ

ಬೆಂಗಳೂರಲ್ಲಿ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ ಒಂದು ಮೀಟಿಂಗ್ ರೂಮು. ಬಾಕಿ ಉಳಿದ ವಿದ್ಯಾರ್ಥಿವೇತನದ ಲೆಕ್ಕ ನೋಡಲು ಇಪ್ಪತ್ತು ಜನ ಸೇರಿದ್ದೆವು. ನನ್ನ ಫೋನಿನ ಸ್ಕ್ರೀನನ್ನು ಕೇಬಲ್ ಇಲ್ಲದೆ ಗೋಡೆಯ ಟಿವಿಗೆ ಕಳಿಸಿದೆ. ಮೂರನೇ ಸ್ಲೈಡ್ ಹೊತ್ತಿಗೆ ಮೇಲ್ಗಡೆಯಿಂದ ಒಂದು ವಾಟ್ಸಾಪ್ ಸಂದೇಶ ಇಣುಕಿತು. ಹಾಸ್ಟೆಲ್ ವಾರ್ಡನ್ ವಿರುದ್ಧ ದೂರು ಕೊಡಲು ಗುಟ್ಟಾಗಿ ತಯಾರಾಗ್ತಿದ್ದ ಹುಡುಗಿಯದು. ಅವಳ ಹೆಸರು, ಸಂದೇಶದ ಮೊದಲ ಸಾಲು, ಎರಡೂ ಗೋಡೆಯಗಲ. ನಾನು ಬೆರಳಲ್ಲಿ ಸರಿಸುವಷ್ಟರಲ್ಲಿ ಓದುವವರು ಓದಿಯಾಗಿತ್ತು.

ತಪ್ಪು ನನ್ನದೇ. ಆದರೆ ಆ ತಪ್ಪು ಯಾಕೆ ಅಷ್ಟು ಸುಲಭವಾಗಿ ಆಯ್ತು ಅನ್ನೋದನ್ನು ಅರ್ಥ ಮಾಡಿಕೊಳ್ಳಬೇಕಿದೆ.

ನಾವು 'ಕಾಸ್ಟ್ ಮಾಡು' ಅಂತ ಒಂದೇ ಮಾತಲ್ಲಿ ಹೇಳೋದು ಎರಡು ಬೇರೆ ಬೇರೆ ಕೆಲಸ. ಯೂಟ್ಯೂಬ್ ವಿಡಿಯೊ ಕಾಸ್ಟ್ ಮಾಡಿದಾಗ ಫೋನು ಟಿವಿಗೆ ವಿಳಾಸವನ್ನಷ್ಟೇ ಹೇಳುತ್ತದೆ. ವಿಡಿಯೊವನ್ನು ಟಿವಿಯೇ ನೇರವಾಗಿ ಇಂಟರ್ನೆಟ್‌ನಿಂದ ತರಿಸಿಕೊಳ್ಳುತ್ತದೆ. ನಿಮ್ಮ ಸಂದೇಶಗಳು ಅಲ್ಲಿಗೆ ಹೋಗಲ್ಲ. ಮಿರರಿಂಗ್ ಹಾಗಲ್ಲ. ಫೋನು ತನ್ನ ಪರದೆಯನ್ನು ಸೆಕೆಂಡಿಗೆ ಹತ್ತಾರು ಸಲ ಸೆರೆಹಿಡಿದು, ವಿಡಿಯೊ ಆಗಿ ಕುಗ್ಗಿಸಿ, ವೈಫೈಯಲ್ಲಿ ಹರಿಸುತ್ತದೆ. ಸ್ಲೈಡ್ ಬದಲಾಗಲು ಅರೆಗಳಿಗೆ ತಡವಾಗೋದು ಇದಕ್ಕೇ. ಅದಕ್ಕೆ ಯಾವುದು ಸ್ಲೈಡ್, ಯಾವುದು ಖಾಸಗಿ ಅನ್ನೋ ವಿವೇಚನೆ ಇಲ್ಲ, ಪರದೆ ಮೇಲೆ ಬಂದದ್ದೆಲ್ಲ ಹೋಗುತ್ತದೆ.

ಇನ್ನು, ಸಭೆಯ ಮೊದಲ ಹದಿನೈದು ನಿಮಿಷ ತಿನ್ನುವ 'ಟಿವಿ ಕಾಣ್ತಾನೇ ಇಲ್ಲ' ಸಮಸ್ಯೆ. ಫೋನು ಮತ್ತು ಟಿವಿ ಒಂದೇ ವೈಫೈಯಲ್ಲಿದ್ದರೆ ಫೋನು 'ಯಾರಿದ್ದೀರಿ?' ಎಂದು ಕೂಗುತ್ತದೆ, ಟಿವಿ ಓಗೊಡುತ್ತದೆ. ಆದರೆ ಅತಿಥಿಗಳಿಗೆಂದು ಇಟ್ಟ ವೈಫೈಯಲ್ಲಿ ಸಾಮಾನ್ಯವಾಗಿ ಒಂದು ಸಾಧನ ಇನ್ನೊಂದರ ಜೊತೆ ಮಾತಾಡದಂತೆ ತಡೆ ಹಾಕಿರುತ್ತಾರೆ. ಕಿರಿಕಿರಿ ಹೌದು, ಆದರೆ ಪಕ್ಕದ ಮೇಜಿನ ಅಪರಿಚಿತನಿಂದ ನಿಮ್ಮ ಲ್ಯಾಪ್‌ಟಾಪ್ ಕಾಯೋದೂ ಅದೇ ತಡೆ. 'ಅದನ್ನ ತೆಗೆದುಬಿಡಿ ಸಾರ್' ಅಂತ ರಿಸೆಪ್ಷನ್‌ನಲ್ಲಿ ಜಗಳ ಮಾಡುವ ಮುಂಚೆ ಯೋಚಿಸಿ.

ಕಂಪನಿಗಳ ಬೇಲಿ ಬೇರೆ ಇದೆ. ವೈಫೈ ಅಲಯನ್ಸ್ 2012ರಲ್ಲಿ ಮಿರಾಕಾಸ್ಟ್ ಎಂಬ ಸಾಮಾನ್ಯ ಮಾನದಂಡ ತಂದಿತು. ರೂಟರ್ ಕೂಡ ಬೇಡ, ಎರಡು ಸಾಧನಗಳು ನೇರವಾಗಿ ಕೈಹಿಡಿಯಬಹುದು. ವಿಂಡೋಸ್ ಅದನ್ನು ಒಪ್ಪಿಕೊಂಡಿದೆ. ಆಪಲ್ ತನ್ನ ಏರ್‌ಪ್ಲೇ ಬಿಟ್ಟು ಆಚೆ ಬರಲಿಲ್ಲ, ಗೂಗಲ್ ತನ್ನ ಪಿಕ್ಸೆಲ್ ಫೋನುಗಳಲ್ಲಿ ಮಿರಾಕಾಸ್ಟ್ ಕೊಡಲಿಲ್ಲ. ಸಭೆಯಲ್ಲಿ ಯಾರು ಸಲೀಸಾಗಿ ತೋರಿಸಬಹುದು, ಯಾರು ಪರದಾಡಬೇಕು ಅನ್ನೋದನ್ನು ಜೇಬಿನ ಬ್ರಾಂಡ್ ತೀರ್ಮಾನಿಸುತ್ತದೆ. ಎಲ್ಲರ ಮಾತಿಗೂ ಸಮಾನ ಜಾಗ ಅನ್ನುವ ನಮ್ಮಂಥ ಗುಂಪುಗಳಿಗೆ ಇದು ಸಣ್ಣ ವಿಷಯ ಏನಲ್ಲ.

ಈ ಬೇಲಿ ದಾಟಲು ಆಫೀಸುಗಳು ಪ್ರತ್ಯೇಕ ಪೆಟ್ಟಿಗೆ ಖರೀದಿಸುತ್ತವೆ. ಅವೂ ಕಂಪ್ಯೂಟರುಗಳೇ ಅನ್ನೋದು ಮರೆತುಹೋಗುತ್ತೆ. 2019ರ ಏಪ್ರಿಲ್‌ನಲ್ಲಿ ಟೆನೆಬಲ್ ಸಂಸ್ಥೆಯ ಸಂಶೋಧಕರು ಬಯಲು ಮಾಡಿದ ಒಂದು ದೋಷ ಕ್ರೆಸ್ಟ್ರಾನ್, ಬಾರ್ಕೊ ಸೇರಿದಂತೆ ಎಂಟು ಬ್ರಾಂಡ್‌ಗಳ ಪೆಟ್ಟಿಗೆಗಳಲ್ಲಿತ್ತು: ಲಾಗಿನ್ ಆಗದೆಯೇ ದೂರದಿಂದ ಪೆಟ್ಟಿಗೆಗೆ ಆದೇಶ ಕೊಡಬಹುದಿತ್ತು. ಅದೇ ವರ್ಷ ಡಿಸೆಂಬರ್‌ನಲ್ಲಿ ಎಫ್-ಸೆಕ್ಯೂರ್, ಬಾರ್ಕೊದ ಕ್ಲಿಕ್‌ಶೇರ್‌ನಲ್ಲಿ ಹಂಚಿದ ಮಾಹಿತಿಯನ್ನು ಕದ್ದು ನೋಡಲು ದಾರಿಯಿದೆ ಎಂದು ತೋರಿಸಿತು. ತಿದ್ದಿದ ಸಾಫ್ಟ್‌ವೇರ್ ಬಂತು ನಿಜ. ಬಾಡಿಗೆ ರೂಮಿನ ಪೆಟ್ಟಿಗೆಗೆ ಅದನ್ನು ಯಾರು ಹಾಕಿದ್ದಾರೆ, ಹಾಕಿದ್ದಾರಾ, ಅದು ನಿಮಗೆ ತಿಳಿಯೋದು ಹೇಗೆ?

ಮಾಡಬಹುದಾದದ್ದು ಸರಳ. ಫೋನಾದ್ರೆ ಮೊದಲು 'ಡು ನಾಟ್ ಡಿಸ್ಟರ್ಬ್' ಹಾಕಿ. ಆಂಡ್ರಾಯ್ಡ್ 15 ಸ್ಕ್ರೀನ್ ಹಂಚುವಾಗ ನೋಟಿಫಿಕೇಶನ್‌ನ ಒಳವಿಷಯವನ್ನು ತಾನೇ ಮರೆಮಾಡುತ್ತದೆ, ಹಳೆಯವು ಮಾಡಲ್ಲ. ವಿಂಡೋಸ್ ಲ್ಯಾಪ್‌ಟಾಪ್ ಆದ್ರೆ ವಿಂಡೋಸ್ ಕೀ ಜೊತೆ ಪಿ ಒತ್ತಿ 'ಎಕ್ಸ್‌ಟೆಂಡ್' ಆರಿಸಿ, ಸ್ಲೈಡ್ ಮಾತ್ರ ಗೋಡೆಗೆ ಎಳೆದುಬಿಡಿ. ಟಿವಿ ಪ್ರತಿ ಸಲ ಹೊಸ ಪಿನ್ ಕೇಳುವಂತಿರಲಿ. ಹೊರಡುವಾಗ ಸಂಪರ್ಕ ಕಡಿದಿದೆಯಾ ನೋಡಿ. ಕೇಬಲ್ ಇದ್ದರೆ ಪೆಟ್ಟಿಗೆಯ ಚಿಂತೆ ಇಲ್ಲ, ಆದರೆ ಫೋನಿನ ಪರದೆಯನ್ನೇ ತೋರಿಸಿದರೆ ಅದರಲ್ಲೂ ಸಂದೇಶ ಇಣುಕುತ್ತೆ.

ಆ ರಾತ್ರಿಯೇ ಹುಡುಗಿಗೆ ಫೋನ್ ಮಾಡಿ ನಡೆದದ್ದು ಹೇಳಿದೆ. 'ಎಷ್ಟು ಜನ ಇದ್ರು ಅಕ್ಕಾ?' ಅಂತಷ್ಟೇ ಕೇಳಿದಳು. ದೂರು ಕೊಟ್ಟಳು, ಆದರೆ ತಾನಂದುಕೊಂಡ ದಿನ ಅಲ್ಲ, ಮಾರನೆಯ ಬೆಳಿಗ್ಗೆಯೇ. ಸುದ್ದಿ ವಾರ್ಡನ್ ಕಿವಿಗೆ ಮೊದಲು ತಲುಪಬಾರದಿತ್ತು.