ರೋಟರಿ ಕಟರ್: ಬ್ಲೇಡ್ ಬದಲಿಸುವ ಮುನ್ನ, ಬದಲಿಸಿದ ನಂತರ

ಬೀದರ್: ಬೀದರ್, ಭಾಲ್ಕಿ, ಔರಾದ್ ಸೀಮೆಯ ಮನೆಗಳಿಗೆ ಕೌದಿ ಹೊಸದೇನಲ್ಲ. ಹಳೆಯ ಸೀರೆ, ಧೋತರಗಳನ್ನು ಪದರಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡುಗಳನ್ನಿರಿಸಿ ಸಾಲುಹೊಲಿಗೆ ಹಾಕುವ ಈ ಕಲೆ ಉತ್ತರ ಕರ್ನಾಟಕದ ಹೆಣ್ಣುಮಕ್ಕಳಿಗೆ ತಲೆಮಾರುಗಳಿಂದ ಬಂದ ಬಳುವಳಿ. ಇದಕ್ಕೆ ಕತ್ತರಿಯೊಂದೇ ಸಾಕು. ಎಷ್ಟೋ ಸಲ ಅದೂ ಬೇಡ, ಎಳೆ ನೋಡಿ ಕೈಯಿಂದಲೇ ಹರಿಯುವುದುಂಟು. ಆದರೆ ಮಾರಾಟಕ್ಕೆಂದು ಒಂದೇ ಅಳತೆಯ ನೂರಾರು ಚೌಕಗಳನ್ನು ಕತ್ತರಿಸಬೇಕಾದಾಗ ಹೆಬ್ಬೆರಳು ಸೋಲುತ್ತದೆ. ಆಗ ನೆರವಿಗೆ ಬರುವುದು ರೋಟರಿ ಕಟರ್.

ಹಿಡಿಕೆಯ ತುದಿಯಲ್ಲಿ ಗುಂಡನೆಯ ಬ್ಲೇಡ್ ಉರುಳುವ ಈ ಸಾಧನವನ್ನು 1979ರಲ್ಲಿ ಜಪಾನಿನ ಓಲ್ಫಾ ಸಂಸ್ಥೆ ಹೊರತಂದಿತು. 18, 28, 45 ಹಾಗೂ 60 ಮಿ.ಮೀ. ವ್ಯಾಸದ ಬ್ಲೇಡ್‌ಗಳು ಬಳಕೆಯಲ್ಲಿದ್ದು, ಹೊಲಿಗೆಯವರು ಹೆಚ್ಚಾಗಿ ಕೊಳ್ಳುವುದು 45 ಮಿ.ಮೀ. ಅಳತೆಯದು. ಕತ್ತರಿಗಿಂತ ಇದು ಚುರುಕು ನಿಜ. ಅಷ್ಟೇ ಅಪಾಯಕಾರಿಯೂ ಹೌದು.

ಮೊಂಡಾದ ಬ್ಲೇಡ್ ಕೈ ಕೊಯ್ಯಲಾರದು ಎಂಬ ಭಾವನೆ ಹಲವರಲ್ಲಿದೆ. ವಾಸ್ತವ ಇದಕ್ಕೆ ವಿರುದ್ಧ. ಹರಿತ ತಗ್ಗಿದಷ್ಟೂ ಒತ್ತಡ ಹೆಚ್ಚು ಹಾಕಬೇಕಾಗುತ್ತದೆ. ಒತ್ತಡ ಹೆಚ್ಚಿದಷ್ಟೂ ಕಟರ್ ಜಾರಿ, ಅಳತೆಪಟ್ಟಿ ಹಿಡಿದ ಬೆರಳಿನ ಮೇಲೆ ಹಾಯುವ ಸಂಭವ ಹೆಚ್ಚು. ಹಾಗೆಂದು ಬಟ್ಟೆ ಸರಿಯಾಗಿ ಕತ್ತರಿಸದಿದ್ದಾಗಲೆಲ್ಲ ಬ್ಲೇಡ್ ಎಸೆಯಬೇಕಾಗಿಯೂ ಇಲ್ಲ. ಕತ್ತರಿಸದೆ ಉಳಿದ ಎಳೆಗಳನ್ನೇ ಗಮನಿಸಿದರೆ ದೋಷ ಎಲ್ಲಿದೆಯೆಂದು ತಿಳಿಯುತ್ತದೆ. 45 ಮಿ.ಮೀ. ಬ್ಲೇಡ್ ಒಂದು ಸುತ್ತಿಗೆ ಸುಮಾರು 14 ಸೆಂ.ಮೀ. ಸಾಗುತ್ತದೆ. ಎಳೆಗಳು ಸರಿಯಾಗಿ 14 ಸೆಂ.ಮೀ.ಗೊಮ್ಮೆ ಉಳಿದಿದ್ದರೆ ಅಂಚು ಒಂದು ಕಡೆ ಮುಕ್ಕಾಗಿದೆ ಎಂದೇ ಅರ್ಥ. ಅಂಥ ಬ್ಲೇಡ್ ಬದಲಿಸಲೇಬೇಕು. ಬಟ್ಟೆ ಯಾವುದೇ ಇರಲಿ, ಮ್ಯಾಟ್‌ನ ಅದೇ ಜಾಗದಲ್ಲಿ ಎಳೆ ಉಳಿಯುತ್ತಿದ್ದರೆ ಅಲ್ಲಿ ಗೀರು ಬಿದ್ದಿದೆ, ಬ್ಲೇಡ್ ನಿರಪರಾಧಿ. ಉದ್ದಕ್ಕೂ ತೊಡರುತ್ತಿದ್ದರೆ ಮೊದಲು ಬಿಚ್ಚಿ ನೋಡುವುದು ಲೇಸು. ಬ್ಲೇಡಿನ ಹಿಂದೆ ನೂಲಿನ ಧೂಳು ಕಟ್ಟಿಕೊಂಡಿರಬಹುದು ಅಥವಾ ನಟ್ಟು ಅತಿ ಬಿಗಿಯಾಗಿ ಬ್ಲೇಡ್ ತಿರುಗದೆ ಇರಬಹುದು. ಒರೆಸಿ, ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಹಾಕಿ, ನಟ್ಟನ್ನು ತುಸು ಸಡಿಲಿಸಿದರೆ ಎಷ್ಟೋ ಬ್ಲೇಡ್‌ಗಳು ಮರುಜೀವ ಪಡೆಯುತ್ತವೆ.

ಅಂಚು ಮುಕ್ಕಾಗಲು ಕಾರಣ ಬಹುಪಾಲು ಬಟ್ಟೆಯಲ್ಲೇ ಇರುತ್ತದೆ. ಕೌದಿಗೆ ಬರುವುದು ಉಟ್ಟು ಬಿಟ್ಟ ಬಟ್ಟೆ. ಕುಪ್ಪಸದ ಹುಕ್ಕು, ಅಂಗಿಯ ಗುಂಡಿ, ಮರೆತ ಗುಂಡುಸೂಜಿ, ಸೆರಗಿನ ಜರಿ ಇವೆಲ್ಲ ಬ್ಲೇಡಿಗೆ ಶತ್ರುಗಳು. ಇವನ್ನು ಮೊದಲೇ ತೆಗೆದಿಡಬೇಕು. ಗೋಣಿತಟ್ಟು ಕತ್ತರಿಸಲು ಹೊಸ ಬ್ಲೇಡ್ ಬಳಸಬಾರದು. ಅದಕ್ಕೆ ಹಳೆಯದೊಂದನ್ನು ಮೀಸಲಿಡುವುದು ಜಾಣತನ. ಮ್ಯಾಟ್ ಇಲ್ಲದೆ ಶಹಾಬಾದ್ ಕಲ್ಲಿನ ನೆಲದ ಮೇಲೆ ಕತ್ತರಿಸಿದರಂತೂ ಒಂದೇ ಎಳೆತಕ್ಕೆ ಹರಿತ ಹೋದಂತೆ. ಆ ಮ್ಯಾಟನ್ನೂ ಈ ಭಾಗದ ಬೇಸಿಗೆ ಬಿಸಿಲಿಗೆ ಬಿಟ್ಟರೆ ಡೊಂಕಾಗುತ್ತದೆ.

ಬದಲಿಸುವಾಗ ಅವಸರ ಸಲ್ಲದು. ಕಟರ್‌ನ ರಕ್ಷಾಕವಚ ಮುಚ್ಚಿ, ಬ್ಲೇಡಿನ ಮಗ್ಗುಲು ಕೆಳಗಾಗುವಂತೆ ಮೇಜಿನ ಮೇಲಿಟ್ಟು ನಟ್ಟು ಬಿಚ್ಚಬೇಕು. ನಟ್ಟು, ವಾಷರ್, ಬೋಲ್ಟುಗಳನ್ನು ಬಿಚ್ಚಿದ ಕ್ರಮದಲ್ಲೇ ಬಿಳಿಬಟ್ಟೆಯ ಮೇಲೆ ಸಾಲಾಗಿಟ್ಟರೆ ಮರುಜೋಡಣೆಯಲ್ಲಿ ಗೊಂದಲವಿಲ್ಲ. ಬಾಗಿದ ವಾಷರ್‌ನ ಉಬ್ಬು ಯಾವ ಕಡೆಗಿತ್ತೆಂಬುದನ್ನು ನೆನಪಿಡಬೇಕು. ಬ್ಲೇಡನ್ನು ಅಂಚಿನಲ್ಲಿ ಚಿವುಟಿ ಎತ್ತುವ ಬದಲು ನಡುವಿನ ಚಪ್ಪಟೆ ಭಾಗಕ್ಕೆ ಬೆರಳು ಒತ್ತಿ ಸರಿಸಬೇಕು. ಸಣ್ಣ ಆಯಸ್ಕಾಂತವಿದ್ದರೆ ಇನ್ನೂ ಸುಲಭ. ಹೊಸ ಬ್ಲೇಡ್‌ಗಳಿಗೆ ತೆಳು ಎಣ್ಣೆ ಸವರಿರುವುದರಿಂದ ಎರಡು ಅಂಟಿಕೊಂಡು ಬರುವುದುಂಟು, ಒಂದೇ ಇದೆಯೇ ಎಂದು ನೋಡಿಕೊಳ್ಳುವುದು ಅಗತ್ಯ. ಕೊಳ್ಳುವಾಗ ವ್ಯಾಸದ ಜೊತೆಗೆ ನಡುವಿನ ರಂಧ್ರವೂ ಹೊಂದಬೇಕು. ನಟ್ಟು ಬಿಗಿದ ಬಳಿಕ ಬ್ಲೇಡ್ ಅಲುಗಾಡದೆ, ಆದರೆ ಸಲೀಸಾಗಿ ಉರುಳಬೇಕು. ಬೀದಿಯ ಸಾಣೆಗಾರನಿಗೆ ಕೊಟ್ಟು ಹರಿತ ಮಾಡಿಸುವ ಯೋಚನೆ ಬೇಡ. ಗುಂಡುತನ ಕೆಟ್ಟರೆ ಬ್ಲೇಡ್ ಒಂದೇ ಸಮನೆ ಕತ್ತರಿಸದು.

ಇಷ್ಟೆಲ್ಲ ಜಾಗ್ರತೆ ವಹಿಸಿದವರೂ ಹಳೆಯ ಬ್ಲೇಡನ್ನು ಚಿಂದಿಯೊಡನೆ ಕಸಕ್ಕೆ ಹಾಕಿಬಿಡುವುದು ವಿಪರ್ಯಾಸ. ಹೊಲಿಗೆಗೆ ಒದಗದ ಬ್ಲೇಡ್ ಚರ್ಮವನ್ನು ಕೊಯ್ಯಲು ಧಾರಾಳ ಸಾಕು. ಪ್ಲಾಸ್ಟಿಕ್ ಚೀಲ ಹರಿದು ಹೊರಬಿದ್ದರೆ ಅದು ತಗಲುವುದು ಕಸ ಬೇರ್ಪಡಿಸುವ ಪೌರಕಾರ್ಮಿಕರ ಕೈಗೆ, ಇಲ್ಲವೇ ಬೀದಿಯಲ್ಲಿ ಮೇಯುವ ದನದ ಬಾಯಿಗೆ. ಬೀದರಿನ ಗಾಂಧಿ ಗಂಜದಂಥ ದವಸಧಾನ್ಯದ ಮಾರುಕಟ್ಟೆಯ ಆಸುಪಾಸಿನಲ್ಲಂತೂ ಇನ್ನೂ ಎಚ್ಚರ ಬೇಕು. ಚೀಲದಿಂದ ಚೆಲ್ಲಿದ ಕಾಳಿನ ನಡುವೆ ನಾಣ್ಯಕ್ಕಿಂತ ತುಸು ದೊಡ್ಡದಾದ ಈ ಉಕ್ಕಿನ ಬಿಲ್ಲೆ ಬರಿಗೈಯಲ್ಲಿ ಬಳಿಯುವವರ ಕಣ್ಣಿಗೆ ಬೀಳದು. ಹೊಸ ಬ್ಲೇಡ್ ಬಂದ ಗಟ್ಟಿ ಡಬ್ಬಿಯಲ್ಲೇ ಹಳೆಯದನ್ನು ಹಾಕಿಡಬಹುದು. ಅದಿಲ್ಲದಿದ್ದರೆ ಮುಚ್ಚಳವಿರುವ ತಗಡಿನ ಡಬ್ಬಿಯಾದೀತು. ಡಬ್ಬಿ ತುಂಬಿದಾಗ ಮುಚ್ಚಳಕ್ಕೆ ಟೇಪು ಸುತ್ತಿ, ಮೇಲೆ ದಪ್ಪಕ್ಷರದಲ್ಲಿ ‘ಬ್ಲೇಡ್’ ಎಂದು ಬರೆದು, ಕಸದ ಗಾಡಿಯವರ ಕೈಗೆ ಹೇಳಿಯೇ ಕೊಡಬೇಕು.