ಕಬ್ಬಿಣಕ್ಕಾಗಿ ಬ್ಯಾಕ್ಟೀರಿಯಾದ ಹೋರಾಟ

ಕಳೆದ ಮಳೆಗಾಲದಲ್ಲಿ ನನ್ನ ತಂಗಿಗೆ ಟೈಫಾಯಿಡ್ ಬಂತು. ರಕ್ತ ಕಡಿಮೆ ಇದೆ ಎಂದು ಅವಳು ಮೊದಲಿನಿಂದಲೂ ಕಬ್ಬಿಣಾಂಶದ ಮಾತ್ರೆ ನುಂಗುತ್ತಿದ್ದಳು. ಡಾಕ್ಟರು ಚೀಟಿ ಬರೆಯುತ್ತಾ, "ಜ್ವರ ಪೂರ್ತಿ ಇಳಿಯುವವರೆಗೆ ಆ ಮಾತ್ರೆ ಬೇಡ, ಆಮೇಲೆ ಮತ್ತೆ ಶುರು ಮಾಡಿ" ಎಂದರು. ಅಮ್ಮಿಗೆ ಗಾಬರಿ. "ಮಗು ಮೊದಲೇ ಬಿಳಿಚಿಕೊಂಡಿದೆ, ಶಕ್ತಿಯ ಮಾತ್ರೆಯನ್ನೇ ನಿಲ್ಲಿಸಿ ಅಂತಾರಲ್ಲ?" ಎಂದು ದಾರಿಯುದ್ದಕ್ಕೂ ನನ್ನನ್ನು ಕೇಳಿದರು. ನಾನು ಸೈನ್ಸ್ ಓದುವವನು, ಆದರೂ ಉತ್ತರ ಗೊತ್ತಿರಲಿಲ್ಲ. ಜೀವಶಾಸ್ತ್ರದ ಮೇಡಂ ವಿವರಿಸಿದ್ದನ್ನೂ ಆಮೇಲೆ ನಾನು ಓದಿ ತಿಳಿದದ್ದನ್ನೂ ಇಲ್ಲಿ ಬರೆದಿದ್ದೇನೆ.

ನಮ್ಮಂತೆಯೇ ಹೆಚ್ಚಿನ ಬ್ಯಾಕ್ಟೀರಿಯಾಗಳಿಗೂ ಕಬ್ಬಿಣ ಬೇಕು. ಅವುಗಳ ಉಸಿರಾಟದ ಕಿಣ್ವಗಳು ನಡೆಯುವುದೂ ಡಿಎನ್‌ಎ ತಯಾರಾಗುವುದೂ ಅದರಿಂದಲೇ. ಆದರೆ ಅದು ಸುಲಭವಾಗಿ ಸಿಗುವುದಿಲ್ಲ. ಮದ್ದೂರಿನ ಸುತ್ತಲಿನ ಹೊಲಗಳ ಕೆಂಪು ಮಣ್ಣನ್ನೇ ನೋಡಿ. ಆ ಕೆಂಪು ಬಣ್ಣ ಕಬ್ಬಿಣದ ಆಕ್ಸೈಡಿನದು. ಮಣ್ಣಿನ ತುಂಬ ಕಬ್ಬಿಣವಿದ್ದರೂ ಅದು ತುಕ್ಕಿನಂತೆ, ನೀರಿನಲ್ಲಿ ಕರಗುವುದೇ ಇಲ್ಲ. ನಮ್ಮ ದೇಹದಲ್ಲೂ ಹಾಗೆಯೇ: ಕಬ್ಬಿಣವೆಲ್ಲ ಹಿಮೋಗ್ಲೋಬಿನ್, ಫೆರಿಟಿನ್, ಟ್ರಾನ್ಸ್‌ಫೆರಿನ್ ಎಂಬ ಪ್ರೋಟೀನುಗಳ ವಶದಲ್ಲಿರುತ್ತದೆ. ರಕ್ತದಲ್ಲಿ ಬಿಡಿ ಕಬ್ಬಿಣ ಇಲ್ಲವೆಂದೇ ಹೇಳಬಹುದು.

ಅದಕ್ಕೆ ಬ್ಯಾಕ್ಟೀರಿಯಾ ಒಂದು ಉಪಾಯ ಮಾಡುತ್ತದೆ. ಸಿಡೆರೊಫೋರ್ ಎಂಬ ಸಣ್ಣ ಅಣುಗಳನ್ನು ತಯಾರಿಸಿ ಹೊರಗೆ ಬಿಡುತ್ತದೆ. ಗ್ರೀಕ್ ಭಾಷೆಯಲ್ಲಿ ಈ ಹೆಸರಿಗೆ ಕಬ್ಬಿಣ ಹೊರುವುದು ಎಂದರ್ಥ. ಇ. ಕೋಲಿ ಮತ್ತು ಸಾಲ್ಮೊನೆಲ್ಲಾ ಬಿಡುವ ಎಂಟೆರೊಬ್ಯಾಕ್ಟಿನ್ 1970ರಲ್ಲಿ ಪತ್ತೆಯಾಯಿತು. ಅದಕ್ಕೆ ಮೂರು ತೋಳುಗಳು. ಆರು ಕಡೆ ಬಂಧ ಹಾಕಿ ಕಬ್ಬಿಣವನ್ನು ಹಿಡಿಯುತ್ತದೆ. ಟ್ರಾನ್ಸ್‌ಫೆರಿನ್ ಹಿಡಿದ ಕಬ್ಬಿಣವನ್ನೂ ಕಿತ್ತುಕೊಳ್ಳುವಷ್ಟು ಬಿಗಿ ಹಿಡಿತ ಅದು.

ಇನ್ನು ಅದನ್ನು ಒಳಗೆ ತರಬೇಕು. ಗ್ರಾಂ-ನೆಗೆಟಿವ್ ಬ್ಯಾಕ್ಟೀರಿಯಾಕ್ಕೆ ಎರಡು ಪೊರೆಗಳಿವೆ. ಹೊರಪೊರೆಯ ಪೋರಿನ್ ರಂಧ್ರಗಳಲ್ಲಿ ಸುಮಾರು 600 ಡಾಲ್ಟನ್‌ವರೆಗಿನ ಅಣುಗಳು ಮಾತ್ರ ನುಸುಳುತ್ತವೆ. ಕಬ್ಬಿಣ ಹೊತ್ತ ಎಂಟೆರೊಬ್ಯಾಕ್ಟಿನ್ 700 ಡಾಲ್ಟನ್ ದಾಟುತ್ತದೆ. ಹಾಗಾಗಿ ಅದಕ್ಕೆಂದೇ ಬೇರೆ ಬಾಗಿಲಿದೆ, ಫೆಪ್‌ಎ ಎಂಬ ಗ್ರಾಹಕ ಪ್ರೋಟೀನ್. ಇದರ ರಚನೆ 1999ರಲ್ಲಿ ಗೊತ್ತಾಯಿತು. 22 ಪಟ್ಟಿಗಳಿಂದ ಕಟ್ಟಿದ ಪೀಪಾಯಿಯಂತಿದ್ದು, ಒಳಗೆ ಬಿರಡೆಯಂಥ ಭಾಗವೊಂದು ದಾರಿಯನ್ನು ಮುಚ್ಚಿರುತ್ತದೆ.

ಬಿರಡೆ ಸರಿಯಲು ಶಕ್ತಿ ಬೇಕು. ಹೊರಪೊರೆಯಲ್ಲಿ ಎಟಿಪಿ ಇಲ್ಲ. ಒಳಪೊರೆಯಿಂದ ಟಾನ್‌ಬಿ ಎಂಬ ಪ್ರೋಟೀನ್ ಕೈ ಚಾಚಿ ಬಿರಡೆಯ ತುದಿಯನ್ನು ಹಿಡಿಯುತ್ತದೆ. ಒಳಪೊರೆಯ ಪ್ರೋಟಾನ್ ಹರಿವಿನಿಂದ ಬಂದ ಬಲದಲ್ಲಿ ಬಾಗಿಲು ತೆರೆಯುತ್ತದೆ. ಮುಂದೆ ಒಳಪೊರೆಯನ್ನು ದಾಟಿಸಲು ಎಟಿಪಿ ಬಳಸುವ ಸಾಗಣೆ ಪ್ರೋಟೀನುಗಳಿವೆ. ಕೊನೆಗೆ ಕಿಣ್ವವೊಂದು ಎಂಟೆರೊಬ್ಯಾಕ್ಟಿನನ್ನು ಕತ್ತರಿಸಿ ಕಬ್ಬಿಣವನ್ನು ಬಿಡಿಸುತ್ತದೆ. ಕಬ್ಬಿಣ ಸಾಕಾದಾಗ ಫರ್ ಎಂಬ ಪ್ರೋಟೀನ್ ಈ ಇಡೀ ಕೆಲಸವನ್ನು ನಿಲ್ಲಿಸುತ್ತದೆ.

ನಮ್ಮ ದೇಹವೂ ಸುಮ್ಮನಿರುವುದಿಲ್ಲ. ಸಿಡೆರೊಕ್ಯಾಲಿನ್ ಎಂಬ ಪ್ರೋಟೀನಿನಿಂದ ಎಂಟೆರೊಬ್ಯಾಕ್ಟಿನನ್ನೇ ಹಿಡಿದುಹಾಕುತ್ತದೆ. ಸಾಲ್ಮೊನೆಲ್ಲಾ ಅದಕ್ಕೂ ಪ್ರತಿತಂತ್ರ ಹೂಡಿದೆ: ಎಂಟೆರೊಬ್ಯಾಕ್ಟಿನ್‌ಗೆ ಗ್ಲೂಕೋಸ್ ಅಂಟಿಸಿ, ಸಿಡೆರೊಕ್ಯಾಲಿನ್ ಹಿಡಿಯಲಾಗದ ಸಾಲ್ಮೊಕೆಲಿನ್ ಮಾಡಿಕೊಳ್ಳುತ್ತದೆ. ಸೋಂಕಿನ ಜ್ವರ ಬಂದಾಗ ಯಕೃತ್ತು ಹೆಪ್ಸಿಡಿನ್ ಎಂಬ ಹಾರ್ಮೋನನ್ನು ಹೆಚ್ಚಿಸುತ್ತದೆ. ಆಗ ಕರುಳು ಕಬ್ಬಿಣ ಹೀರುವುದು ಕಡಿಮೆಯಾಗುತ್ತದೆ. ನುಂಗಿದ ಮಾತ್ರೆಯಿಂದ ರೋಗಿಗೆ ಹೆಚ್ಚು ಲಾಭವಿಲ್ಲ, ಕರುಳಿನಲ್ಲಿ ಉಳಿದದ್ದು ರೋಗಾಣುವಿನ ಪಾಲಾಗಬಹುದು. ಡಾಕ್ಟರು ಹೇಳಿದ್ದರ ಅರ್ಥ ನನಗಾದದ್ದು ಆಗಲೇ.

ವಿಜ್ಞಾನಿಗಳು ಈ ಬಾಗಿಲನ್ನೇ ಔಷಧಿಗೂ ಬಳಸಿದ್ದಾರೆ. 2019ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಸೆಫಿಡೆರೊಕಾಲ್ ಎಂಬ ಆಂಟಿಬಯಾಟಿಕ್ ಸಿಡೆರೊಫೋರಿನಂತೆ ಕಬ್ಬಿಣ ಹಿಡಿದುಕೊಂಡು ಹೋಗುತ್ತದೆ. ಬ್ಯಾಕ್ಟೀರಿಯಾ ತಾನೇ ಬಾಗಿಲು ತೆಗೆದು ತನ್ನ ಶತ್ರುವನ್ನು ಒಳಗೆ ಕರೆದುಕೊಳ್ಳುತ್ತದೆ.

ಗೆಳೆಯರೇ, ಇದನ್ನು ಓದಿ ಯಾರೂ ಕಬ್ಬಿಣಾಂಶದ ಮಾತ್ರೆಯನ್ನು ಬೆಂಚಿನ ಕೆಳಗೆ ಎಸೆಯಬೇಡಿ. ರಕ್ತಹೀನತೆ ನಿಜವಾದ ಕಾಯಿಲೆ. ಆರೋಗ್ಯವಾಗಿರುವಾಗ ಕೊಟ್ಟ ಮಾತ್ರೆಯನ್ನು ತಪ್ಪದೇ ತೆಗೆದುಕೊಳ್ಳಿ. ಜ್ವರವಿದ್ದರೆ ಮುಂದುವರಿಸುವ ಮೊದಲು ಡಾಕ್ಟರನ್ನು ಕೇಳಿ. ನನ್ನ ತಂಗಿ ಗುಣವಾದ ಮೇಲೆ ಮತ್ತೆ ಮಾತ್ರೆ ಶುರು ಮಾಡಿದಳು. ಈಗ ಅವಳಿಗೆ ದಿನವೂ ನೆನಪಿಸುವವರು ಅಮ್ಮಿಯೇ.